ವಾಣಕ್ಕ ಹೋದ ಪುಸ್ತಕ

ವಾಚನಾಲಯದಾಗಿನ ಕನ್ನಡ ಕಪಾಟಿನ ಕೀಲಿ ನನ್ನ ಕೈಯಾಗ ಬಂದದ್ದ ಅದನ್ನ ಖಾಲಿ ಮಾಡಾಕ. ದೀಪಾವಳಿ ಮುಂದ ಗುರುಜಿ ನನ್ನ ಕರದ್ರು. ಟೇಬಲ್ ಮ್ಯಾಲ ಕೀಲಿ ಇಟ್ಟು, "ಹೇ ಬಘ, ಇಲ್ಲಿ ನೋಡು, ಸಂಕ್ರಾಂತಿ ಆದ ಮ್ಯಾಲ ರದ್ದಿಯವ ಬರ್ತಾನ. ಅಷ್ಟರಾಗ ಇದರಾಗಿನ ಪುಸ್ತಕ ಹೊರಗ ತಗದು ಗಂಟ ಕಟ್ಟಿ ಇಡು," ಅಂದ್ರು.

ಗುರುಜಿ ಅಂದ್ರ ನಮ್ಮ ಗಡಹಿಂಗ್ಲಜ ವಾಚನಾಲಯದ ಕಾರ್ಯವಾಹ. ಮರಾಠಿ ಶಾಳ್ಯಾಗ ಮಾಸ್ತರಕಿ ಮಾಡಿ, ನಿವೃತ್ತ ಆಗಿ, ಮನ್ಯಾಗ ಕುಂಡ್ರಲಾರದ ಇಲ್ಲಿ ಬಂದ ಕುಂತಿದ್ರು. ನಾ ಅವರ ಕೈಕೆಳಗಿನ ಮದತನೀಸ. ಮ್ಯಾಟ್ರಿಕ್ ನಪಾಸ. ಪೇಪರ್ ಕೋಲಿಗೆ ಹಚ್ಚೋದು, ಪುಸ್ತಕ ಕೊಡೋದು ತಗೊಳ್ಳೋದು, ಸಂಜೀಕ ಬಾಗಲಾ ಹಾಕೋದು, ಇಷ್ಟ ನನ್ನ ಕೆಲಸ.

"ಯಾಕ್ರೀ ಗುರುಜಿ?" ಅಂದೆ.

"ಯಾಕಂದ್ರ? ಸಣ್ಣ ಹುಡುಗೂರ ಮರಾಠಿ ಪುಸ್ತಕಕ್ಕ ಜಾಗಾ ಇಲ್ಲ. ಪಾಪ, ನೆಲದ ಮ್ಯಾಲ ಕುಂತು ಆರಿಸ್ಕೋತಾವ. ಈ ಒಂದ ಕಪಾಟ ಮಾತ್ರ ಯಾರೂ ತಗಿಯಂಗಿಲ್ಲ. ಕೋಣ ವಾಚತೋ? ಯಾರ ಓದ್ತಾರ ಹೇಳು."

"ನಾ ಓದ್ತೇನ್ರಿ."

"ಒಬ್ಬಾವ ಓದಾವಗ ಒಂದ ಕಪಾಟ ಇಡಾಕ ಬರಂಗಿಲ್ಲೋ ಬಾಳಾ."

ಅವರು ಹೇಳಿದ್ದು ಸುಳ್ಳಲ್ಲ. ಅದ ನನಗ ಹೆಚ್ಚ ಸಂಕಟ. ನಮ್ಮ ಓಣ್ಯಾಗ ಮನಿ ಮನಿ ಒಳಗ ಕನ್ನಡ ಮಾತಾಡ್ತಾರ, ಕನ್ನಡದಾಗ ಜಗಳಾಡ್ತಾರ. ಆದ್ರ ಊರು ಮಹಾರಾಷ್ಟ್ರದಾಗಿಂದು; ಶಾಳಿ ಮರಾಠಿ, ದುಕಾನ ಮರಾಠಿ, ಕಚೇರಿ ಮರಾಠಿ. ಕನ್ನಡ ಬಾಯಾಗ ಐತಿ, ಕಣ್ಣಾಗ ಇಲ್ಲ. ನಾ ಅಕ್ಷರ ಕಲ್ತದ್ದು ಹ್ಯಾಂಗ ಗೊತ್ತೈತೇನ್ರಿ? ನಮ್ಮಪ್ಪನ ಕಿರಾಣಿ ದುಕಾನದಾಗ ನಿಪ್ಪಾಣಿ ಕಡಿಂದ ಬೀಡಿ ಕಟ್ಟು ಬರ್ತಿದ್ದು. ಅದರ ಮ್ಯಾಲಿನ ಚೀಟ್ಯಾಗ ಒಂದ ಮಾತು ಎರಡೂ ಲಿಪ್ಯಾಗ ಬರದಿರ್ತಿತ್ತು. ಮರಾಠಿ ನೋಡ್ಕೋತ ಕನ್ನಡ ಜೋಡಿಸ್ಕೊಂಡೆ. ನನ್ನ ಬಾಲಬೋಧಿನಿ ಅಂದ್ರ ಬೀಡಿ ಕಟ್ಟು!

"ಗುರುಜಿ, ಸಂಕ್ರಾಂತಿತನಕ ನನಗ ವ್ಯಾಳ್ಯಾ ಕೊಡ್ರಿ. ಓದೋರನ್ನ ತೋರಸ್ತೇನಿ."

ಗುರುಜಿ ಚಸಮಾ ತಗದು ಒರಿಸ್ಕೊಂಡ್ರು. "ದಾಖವ. ತೋರಸು. ಬರೇ ಮಾತಿಲೆ ಅಲ್ಲ."

ಕಪಾಟ ತಗದ್ರ ಗೆದ್ದಲ ವಾಸನಿ ಬಂತು. ಕೆಳಗಿನ ಫಳಿ ಪೂರಾ ಹಾಳು. ಕೈಯಾಗ ಪುಸ್ತಕ ತಗೊಂಡ್ರ ಮಣ್ಣಾಗಿ ಉದುರಾಕತ್ತು. ಮ್ಯಾಲಿನ ಫಳ್ಯಾಗಿನವು ಬದುಕಿದ್ದು. ಒಂದೊಂದ ತಗದು, ಹಿತ್ತಲದಾಗ ಬಿಸಲಿಗೆ ಹಾಳಿ ಬಿಚ್ಚಿ ನಿಲ್ಲಿಸಿದೆ. ನಡುವ ನಡುವ ಬೇವಿನ ತೊಪ್ಪಲಾ ಇಟ್ಟೆ. ಮೈದಾ ಕುದಿಸಿ, ಅದರಾಗ ಚಿಟಿಕಿ ಮೈಲುತುತ್ತ ಹಾಕಿ ಅಂಟ ಮಾಡಿದೆ, ಹುಳಾ ಮುಟ್ಟಬಾರದು ಅಂತ. ಬೆನ್ನ ಹರಿದಿದ್ದಕ್ಕ ಖಾದಿ ಪಟ್ಟಿ ಹಚ್ಚಿದೆ. ಹೊಲಿಗಿ ಬಿಟ್ಟಿದ್ದಕ್ಕ ದಬ್ಬಣಲೆ ತೂತ ಹೊಡದು ಮೇಣ ತಿಕ್ಕಿದ ದಾರಾ ಹಾಕಿ ಹೊಲದೆ. ಈ ಕೆಲಸ ನನಗ ಯಾರೂ ಕಲಿಸಿಲ್ಲ. ಮೊದಲನೇದು ಹೊಲಿಯೂಮುಂದ ಹಾಳಿ ತಲಿಕೆಳಗಾಗಿ ಕುಂತು, ಮತ್ತ ಬಿಚ್ಚಿದೆ.

ಅದರಾಗ ಒಂದ ಸಣ್ಣ ಪುಸ್ತಕ. ಮೊದಲಿನ ಹಾಳಿ ಗೆದ್ದಲ ತಿಂದಿತ್ತು, ಬರದವರ ಹೆಸರಿಲ್ಲ, ಪುಸ್ತಕದ ಹೆಸರೂ ಇಲ್ಲ. ಒಳಗ ಎಲ್ಲಾ ಹಾಡು. ಒಂದ ಹಾಡಿನಾಗ ಒಬ್ಬಾಕಿ ತವರಮನಿಗೆ ಹೊಂಟಾಳ. ಹಾದ್ಯಾಗ ಐದ ಬಾವಿ. ಒಂದೊಂದ ಬಾವ್ಯಾಗ ಬಗ್ಗಿ ನೋಡ್ತಾಳ.

ಒಂದನೆ ಬಾವ್ಯಾಗ ಕಂಡೈತಿ ನನ ಮಾರಿ,
ಕುಂಕುಮ ನೋಡಿ ಗುರತ ಹಿಡಿದೇನ...

ಹಿಂಗ ಸುರು. ನಾ ಹಿತ್ತಲದಾಗ ನಿಂತಕೊಂಡ ಪೂರಾ ಓದಿದೆ. ಕೈಯಾಗ ಅಂಟ ಒಣಗಿ ಹೋತು. ಐದನೇ ಬಾವಿಗೆ ಬರೂದ್ರಾಗ ನಾ ನಿಶ್ಚಯ ಮಾಡಿದ್ದೆ: ವಾಚನಾಲಯದಾಗ ಕನ್ನಡ ಕಾವ್ಯವಾಚನ ಇಡೋದು. ಊರ ಮಂದಿ ಈ ಹಾಡ ಒಮ್ಮೆ ಕೇಳಿದ್ರ ಸಾಕು, ಕಪಾಟ ಯಾರ ಒಯ್ತಾರ ನೋಡ್ತೇನಿ!

ಗಡಹಿಂಗ್ಲಜದಾಗ ಕನ್ನಡ ಮೊಳೆ ಇರೋ ಪ್ರೆಸ್ ಇಲ್ಲ. ಎಸ್ಟಿ ಬಸ್ ಹತ್ತಿ ಸಂಕೇಶ್ವರಕ್ಕ ಹೋದೆ. ದೊಡ್ಡ ಜಾಹಿರಾತು ಮಾಡಿಸಿದೆ, ಕೆಂಪ ಮಸಿ. ಮ್ಯಾಲ "ಕಾವ್ಯವಾಚನ", ಕೆಳಗ ಹಾಡಿನ ಮೂರ ಬಾವಿ ತನಕ ಹಾಕಿಸಿ, "ಮುಂದಿನ ಬಾವಿ ವಾಚನಾಲಯದಾಗ ಕೇಳ್ರಿ" ಅಂತ ಬರಸಿದೆ. ಏನ ಶಾಣ್ಯಾತನ ಅನ್ಕೊಂಡಿದ್ದೆ! ವಾಪಸ ಬರೂಮುಂದ ಬಸ್ಸಿನಾಗ ಗಂಟ ತೊಡಿ ಮ್ಯಾಲ ಇಟ್ಕೊಂಡ ಕುಂತಿದ್ದೆ, ಕೂಸಿನ್ನ ಕುಂಡ್ರಿಸ್ಕೊಂಡಂಗ.

ಬಾಜಾರದಾಗ ಕಂಡ ಕಂಡ ಗ್ವಾಡಿಗೆ ಹಚ್ಚಿದೆ. ಮೆಣಸಿನಕಾಯಿ ಅಡತಿ ಮುಂದ ಒಬ್ಬ ದಲಾಲರು ಎಲಿ ಅಡಿಕಿ ಹಾಕ್ಕೋತ ಭಾಳ ಹೊತ್ತ ನೋಡಿದ್ರು.

"ತಮ್ಮಾ, ಮದ್ರಾಸ ಕಡಿಂದ ಸರ್ಕಸ್ ಬಂದೈತೇನೋ?"

"ಅಲ್ಲರಿ ಕಾಕಾ, ಕನ್ನಡ ಐತ್ರಿ ಇದು!"

"ಹೌದ? ನಾ ಹುಲಿ ಎಷ್ಟ ಅದಾವ ಅಂತ ಕೇಳಾಂವಿದ್ದೆ."

ಸುತ್ತ ನಿಂತವರು ನಕ್ಕರು. ಕನ್ನಡದಾಗ ನಕ್ಕರು, ಕನ್ನಡದಾಗ ಚಾಷ್ಟಿ ಮಾಡಿದ್ರು. ಒಬ್ಬಾವಗೂ ಅದನ್ನ ಓದಾಕ ಬರ್ತಿದ್ದಿಲ್ಲ. ನನಗ ಆವಾಗ ಅಂಟಿನ ಡಬ್ಬಿ ಕೈಯಾಗ ಭಾರ ಆತು. ಓದಾಕ ಬರಲಾರದವರಿಗೆ ಓದ್ರಿ ಅಂತ ಜಾಹಿರಾತ ಹಚ್ಚಿದ್ದೆ ನಾನು.

ಆದ್ರೂ ಆಸೆ ಬಿಡಲಿಲ್ಲ. ವಾಚನದ ದಿನ ಜಮಖಾನಿ ಝಾಡಿಸಿ ಹಾಸಿದೆ. ಊದಿನಕಡ್ಡಿ ಹಚ್ಚಿದೆ. ಬಂದವರು ಇಬ್ಬರು. ಒಬ್ಬರು ಗುರುಜಿ. ಇನ್ನೊಬ್ಬರು ಅಕಿವಾಟದ ರೈತರು, ಬಾಜಾರಕ್ಕ ಬಂದವರು, ಬಸ್ಸು ತಪ್ಪಿಸ್ಕೊಂಡಿದ್ರು. ನಾ ಓದಾಕ ಸುರು ಮಾಡಿದೆ. ಎರಡನೇ ಬಾವಿಗೆ ರೈತರು ಎದ್ದು ನಿಂತ್ರು.

"ತಪ್ಪ ತಿಳ್ಕೋಬ್ಯಾಡೋ ಅಪ್ಪಾ, ಬಸ್ಸು ಬಂದಂಗಾತು. ಮುಂದ ಏನಾತು ಹೇಳಿ ಬಿಡು ಲಗೂನ."

ನಾ ಪುಸ್ತಕ ಮುಚ್ಚಿದೆ. ಗುರುಜಿ ಜಮಖಾನಿ ಮಡಚಾಕ ಒಂದ ತುದಿ ಹಿಡದ್ರು. ಬೈದಿದ್ರರ ಚಲೋ ಇತ್ತು.

ಉಳದ ಜಾಹಿರಾತು ಮನಿಗೆ ತಂದ ಒಗದೆ. ನಮ್ಮಪ್ಪ ಕಾಗದ ಒಗಿಯೋ ಮನಷ್ಯಾ ಅಲ್ಲ. ಎಲ್ಲಾ ಅರ್ಧ ಅರ್ಧ ಹರದು ದುಕಾನದಾಗ ಇಟ್ಕೊಂಡು ಸಕ್ಕರಿ, ಚಾಪುಡಿ ಕಟ್ಟಿಕೊಡಾಕತ್ತ. ನಾ ನೋಡಿಯೂ ನೋಡಲಾರದಂಗ ಇದ್ದೆ. ನನ್ನ ಕಾವ್ಯ ಪುಡಕಿ ಆಗಿ ಓಣಿ ತುಂಬ ಹೋಗಾಕತ್ತು.

ಒಂದ ಮುಂಜಾನೆ ದುಕಾನ ಮುಂದ ಗದ್ದಲ. ಸರ್ಕಸ್ ಅಂತ ನಕ್ಕಿದ್ರಲ್ಲ, ಆ ದಲಾಲರ ಹೆಂಡ್ತಿ ಬಂದಿದ್ರು. ಓಣಿಗೆಲ್ಲಾ ಅವರು ಕಾಕು. ದೊಡ್ಡ ಮನಿ, ದೊಡ್ಡ ಬಾಯಿ. ಕೈಯಾಗ ನನ್ನ ಕೆಂಪ ಕಾಗದ.

"ಏನೋ, ಇದರಾಗ ಏನ ಬರದ ಕೊಟ್ಟಿ ನಮ್ಮ ಮನಿಗೆ?"

"ಯಾಕ್ರೀ ಕಾಕು, ಏನಾತ್ರಿ?"

"ಏನಾತ್ರಿ ಅಂತಾನ! ನಮ್ಮ ಸಣ್ಣ ಸೊಸಿ ಒಲಿ ಮುಂದ ಇದನ್ನ ಹಿಡಕೊಂಡ ಕುಂತು ಎಮ್ಮಿ ಹಾಲ ಪೂರಾ ಉಕ್ಕಿಸ್ಯಾಳ. ಬೈದ್ರ ಅಳಾಕತ್ಯಾಳ. ಹಾಲಿಗೆ ಅಳತಾಳಂದ್ರ ಅದೂ ಅಲ್ಲ. ಅರ್ಧ ಕಾಗದ ಐತಂತ, ಉಳದ ಅರ್ಧ ಬೇಕಂತ! ನಿನ್ನೆಯಿಂದ ಉಂಡಿಲ್ಲ ಸರಿಯಾಗಿ. ಕೊಡು ಆ ಅರ್ಧ, ತಗೊಂಡ ಹೋಗ್ತೇನಿ."

ನಾ ಅಲ್ಲೇ ಗೋಣಿಚೀಲದ ಮ್ಯಾಲ ಕುಂತೆ. "ಕಾಕು, ಆಕಿಗೆ... ಓದಾಕ ಬರ್ತೈತೇನ್ರಿ?"

"ಹುಕ್ಕೇರಿ ಕಡಿಂದ ತಂದೇವೋ ಆಕಿನ್ನ. ಕನ್ನಡ ಶಾಳಿ ಕಲತಾಳ. ನಮ್ಮ ಮನ್ಯಾಗ ಏನ ಓದತಾಳ, ಮರಾಠಿ ಪೇಪರ್ ತಲಿಕೆಳಗ ಹಿಡಿತಾಳ."

ಹುಕ್ಕೇರಿ! ನೋಡ್ರಿ, ನಾ ಹುಟ್ಟಿದಾಗಿಂದ ಇದ್ದ ಸಂಗತಿ ನನಗ ಆವತ್ತ ಹೊಳೀತು. ನಮ್ಮ ಓಣಿ ಮಂದಿ ಸೊಸಿದೇರನ್ನ ಎಲ್ಲಿಂದ ತರ್ತಾರ? ಹುಕ್ಕೇರಿ, ಸಂಕೇಶ್ವರ, ಚಿಕ್ಕೋಡಿ. ಎಲ್ಲಾ ಕನ್ನಡ ಶಾಳಿ ಕಲತ ಹೆಣ್ಮಕ್ಕಳು. ಗಂಡ ವಾಚನಾಲಯಕ್ಕ ಬಂದು ಮರಾಠಿ ಪತ್ತೇದಾರಿ ಒಯ್ತಾನ, ಹೆಂಡ್ತಿ ಮನ್ಯಾಗ ಪುಡಕಿ ಕಾಗದ ಓದತಾಳ. ಓದೋರು ಇದ್ರು. ಒಲಿ ಮುಂದ ಇದ್ರು. ನಾ ಬಾಜಾರದಾಗ ಹುಡುಕಾಕತ್ತಿದ್ದೆ.

"ಕಾಕು, ಆ ಅರ್ಧ ವಾಚನಾಲಯದಾಗ ಐತ್ರಿ. ಸೊಸಿನ್ನ ಕಳಸ್ತೀರೇನು?"

ಕಾಕು ನನ್ನ ಮಾರಿ ನೋಡಿದ್ರು. "ತಲಿ ಕೆಟ್ಟೈತೇನೋ? ಗಂಡಸರು ಪೇಪರ್ ಹಿಡಕೊಂಡ ಕುಂಡ್ರೋ ಜಾಗಾಕ್ಕ ನಮ್ಮ ಸೊಸಿದೇರು?"

ಸಂಕ್ರಾಂತಿ ಬಂದಬಿಟ್ಟಿತ್ತು. ರದ್ದಿಯವ ಒಮ್ಮೆ ಬಂದು ಕಪಾಟ ನೋಡಿ ಹೋಗಿದ್ದ. ಪುಸ್ತಕ ಮುಟ್ಟಲಿಲ್ಲ, ಬರೇ ಕೈಲೆ ಒತ್ತಿ ತೂಕ ಅಂದಾಜ ಮಾಡಿದ. ಆವತ್ತ ಕುಂತು ವಿಚಾರ ಮಾಡಿದೆ. ಹೆಣ್ಮಕ್ಕಳು ಇಲ್ಲಿ ಬರಂಗಿಲ್ಲ, ಗಂಡಸರು ಇರ್ತಾರ ಅಂತ. ಹಂಗಾದ್ರ ಗಂಡಸರು ಇರಲಾರದಂಗ ಮಾಡಿದ್ರ? ಗಂಡಸರು ಕಾಲಿಡಲಾರದ ಜಾಗಾ ನಮ್ಮ ಕಡೆ ಯಾವುದೈತಿ? ಅರಿಷಿಣ-ಕುಂಕುಮದ ಮನಿ! ಸಂಕ್ರಾಂತಿಯಿಂದ ರಥಸಪ್ತಮಿತನಕ ಹೆಣ್ಮಕ್ಕಳು ಒಬ್ಬರ ಮನಿಗೆ ಒಬ್ಬರು ಹೋಗೋದು, ಎಳ್ಳ ಬೆಲ್ಲ ಹಂಚೋದು. ಗಂಡಸರು ಆವಾಗ ಅಂಗಳದಾಗ.

ಓಡಿ ಹೋಗಿ ಗುರುಜಿ ಕಾಲ ಹಿಡದೆ ಅಂದ್ರೂ ಸೈ. "ಒಂದ ಮಧ್ಯಾಹ್ನ ವಾಚನಾಲಯ ಹೆಣ್ಮಕ್ಕಳಿಗೆ ಕೊಡ್ರಿ. ಗಂಡಸರಿಗೆ ಬಂದ್."

"ಅರೇ, ಪೇಪರ್ ಓದೋರು ನನ್ನ ಹರದ ತಿಂತಾರಲ್ಲೋ!"

"ನೀವ ಹೇಳಿದ್ರಿ, ದಾಖವ ಅಂತ. ಇದ ನನ್ನ ಕಡೀದು ಗುರುಜಿ."

ಗುರುಜಿ ಹೂಂ ಅನ್ನೂದ್ರಾಗ ನಾ ಕಾಕು ಮನಿ ಮುಂದ ನಿಂತಿದ್ದೆ. ಈ ವರ್ಷದ ಅರಿಷಿಣ-ಕುಂಕುಮ ವಾಚನಾಲಯದಾಗ ಇಡ್ರಿ, ಇಡೀ ಓಣಿಗೆ ನೀವ ಯಜಮಾನ್ತಿ ಅಂದೆ. ಕಾಕುಗೆ ಆ ಮಾತ ಹಿಡಿಸ್ತು. "ಗಂಡಸರು?" ಅಂದ್ರು. "ಒಬ್ಬರೂ ಇಲ್ಲರಿ. ನಾನೂ ಹೊರಗ."

ಹಂಗ ಆತು. ಕನ್ನಡ ಪುಸ್ತಕ ಎಲ್ಲಾ ಒಂದ ಬುಟ್ಟ್ಯಾಗ ತುಂಬಿದೆ. ಬೇಕಾದವರು ಗಂಡನ ಹೆಸರಿನ ಮ್ಯಾಲ ಓದಾಕ ಒಯ್ಲಿ, ಎಂಟ ದಿನಕ್ಕ ತಿರುಗಿ ಕೊಡ್ಲಿ ಅಂತ, ವಾಚನಾಲಯದ ಛಾಪಿಸಿದ ಚೀಟಿ ಒಂದೊಂದರಾಗ ಹಚ್ಚಿದೆ. ಬುಟ್ಟಿ ಕಾಕು ಕೈಯಾಗ ಕೊಟ್ಟು, "ಓದೋರಿಗೆ ಒಂದೊಂದ ಕೊಡ್ರಿ," ಅಂದು ಹೊರಗ ಪಾಂವಟಿಗಿ ಮ್ಯಾಲ ಕುಂತೆ. ಗುರುಜಿನೂ ಬಂದ ಕುಂತ್ರು, ಬಾಗಲಾ ಕಾಯಾಕ.

ಒಬ್ಬ ಸಾಹೇಬ್ರು ಪೇಪರ್ ಓದಾಕ ಬಂದ್ರು. ಗುರುಜಿ ಅಡ್ಡ ಕೈ ಮಾಡಿದ್ರು. "ಆಜ ಬಂದ್ ಆಹೇ."

"ಬಂದ್? ಒಳಗ ಮಂದಿ ಮಾತಾಡಾಕತ್ತಾರಲ್ಲರಿ?"

"ನಿಮ್ಮ ಮನೆಯವರೂ ಅದಾರ. ಕರೀಲೇನು?"

ಸಾಹೇಬ್ರು ಬಂದ ದಾರಿ ಹಿಡದ್ರು.

ಒಳಗ ಮೊದಲ ಬಳಿ ಸಪ್ಪಳ, ಕಿಸಿ ಕಿಸಿ ನಗಿ. ಆಮ್ಯಾಲ ಒಮ್ಮಿಗಲೇ ಸುಮ್ಮ. ಕಾಕು ಧ್ವನಿ ಬಂತು. "ಯಾಕ ಎಲ್ಲಾರೂ ಗಪ್ಪಾದ್ರಿ? ಆ ಪಾಟಿ ಮ್ಯಾಲ ಏನ ಬರದೈತಿ?"

"ಶಾಂತತಾ ರಾಖಾ ಅಂತ ಐತ್ರಿ. ಗಪ್ಪ ಕುಂಡ್ರಿ ಅಂತ." ಮರಾಠಿ ಶಾಳಿ ಕಲತ ಯಾವುದೋ ಸಣ್ಣ ಹುಡಿಗಿ ಧ್ವನಿ.

"ಅದನ್ನ ಗ್ವಾಡಿ ಕಡೆ ಹೊಳ್ಳಿಸಿ ಇಡು. ಹೂಂ, ನಮ್ಮ ಸೊಸಿ, ನಿಂದು ಅದೇನ ಬಾವಿ ಐತಲ್ಲ, ತಗಿ. ಜೋರಾಗಿ ಓದು. ಹಾಲ ಉಕ್ಕಿಸಿದ್ದು ಯಾತಕ್ಕ ಅಂತ ನಮಗೂ ತಿಳೀಲಿ."

ಆಕಿ ಓದಾಕ ಸುರು ಮಾಡಿದ್ಲು. ಮೊದಲ ಧ್ವನಿ ಸಣ್ಣದು, ತಡಬಡ. ಎರಡನೇ ಬಾವಿಗೆ ಧಾಟಿ ಸಿಕ್ತು, ಬೀಸೂ ಹಾಡಿನ ಧಾಟಿ. ಮೂರನೇದಕ್ಕ ಉಳದವರು ಕೊನಿ ಸಾಲ ಹಿಡದ್ರು. ಗುರುಜಿ ನನ್ನ ತೊಡಿ ತಟ್ಟಿ, "ಅರ್ಥ ಸಾಂಗ," ಅಂದ್ರು. ಮಾತಿನ ಕನ್ನಡ ಅವರಿಗೆ ಬರ್ತಿತ್ತು, ಹಾಡಿನ ಕನ್ನಡ ತಿಳೀತಿದ್ದಿಲ್ಲ; ನಾ ಸಾಲ ಸಾಲ ಮರಾಠಿದಾಗ ಹೇಳಿದೆ. ಐದನೇ ಬಾವಿ ಆದ ಮ್ಯಾಲ ಗುರುಜಿ ಎದ್ದ ಧೋತರ ಝಾಡಿಸ್ಕೊಂಡು, "ರದ್ದಿಯವಗ ಬರಬ್ಯಾಡ ಅಂತ ಹೇಳಿ ಬಾ," ಅಂದ್ರು.

ಸಂಜೀಕ ಹೆಣ್ಮಕ್ಕಳು ಹೊರಗ ಬಂದ್ರು. ಎಲ್ಲಾರ ಕೈಯಾಗ ಪುಸ್ತಕ. ರಟ್ಟಿನ ಮ್ಯಾಲ ಅರಿಷಿಣ ಕುಂಕುಮ ಹಚ್ಚಿದ್ರು. ಎಷ್ಟ ಮರ್ಯಾದಿ ಕೊಟ್ಟಾರ ಪುಸ್ತಕಕ್ಕ ಅನ್ಕೊಂಡೆ. ಬುಟ್ಟಿ ಖಾಲಿ. ಕಪಾಟ ಖಾಲಿ. ನನಗ ಅಷ್ಟ ಖುಷಿ ಯಾವತ್ತೂ ಆಗಿದ್ದಿಲ್ಲ.

ಎಂಟ ದಿನ ಆತು. ಒಂದೂ ಪುಸ್ತಕ ತಿರುಗಿ ಬರಲಿಲ್ಲ. ಇನ್ನೂ ಎಂಟ ದಿನ ಹೋತು. ಗಂಡಂದಿರು ಮರಾಠಿ ಪುಸ್ತಕ ಬದಲಿ ಮಾಡ್ಕೊಂಡ ಹೋಗಾಕತ್ರು, ಕನ್ನಡದ್ದು ಕೇಳಿದ್ರ, "ನನಗ ಗೊತ್ತಿಲ್ಲಪಾ, ಮನ್ಯಾಗ ಕೇಳು," ಅಂತಾರ. ಕಡೀಕ ಕಾಕು ಮನಿಗೆ ಹೋದೆ.

"ಕಾಕು, ಪುಸ್ತಕ..."

"ಏನ ಪುಸ್ತಕ?"

"ಅವತ್ತ ಕೊಟ್ಟಿದ್ದರಿ. ತಿರುಗಿ..."

ಕಾಕು ಸೊಂಟದ ಮ್ಯಾಲ ಕೈ ಇಟ್ಟರು. "ಸಂಕ್ರಾಂತಿ ವಾಣ ತಿರುಗಿ ಬೇಡ್ತಿಯೇನೋ? ನಿಮ್ಮವ್ವ ಇದ ಕಲಿಸ್ಯಾಳೇನು?"

ವಾಣ! ಅರಿಷಿಣ-ಕುಂಕುಮಕ್ಕ ಬಂದಾಕಿ ಕೈಯಾಗ ಹಣಗಿನೋ ಡಬ್ಬಿನೋ ಏನರ ಒಂದ ಸಾಮಾನ ಇಡ್ತಾರ, ಅದ ವಾಣ. ಕೊಟ್ಟದ್ದನ್ನ ತಿರುಗಿ ಕೇಳಂಗಿಲ್ಲ, ತಗೊಂಡದ್ದನ್ನ ತಿರುಗಿ ಕೊಡಂಗಿಲ್ಲ. ಮುತ್ತೈದಿತನಕ್ಕ ಕೇಡಂತ. ನಾ ಅರಿಷಿಣ-ಕುಂಕುಮದಾಗ ಬುಟ್ಟಿ ತುಂಬ ಪುಸ್ತಕ ಕೊಟ್ಟು ಒಂದೊಂದ ಕೊಡ್ರಿ ಅಂದ್ರ, ಕಾಕು ಏನ ತಿಳೀಬೇಕು?

"ಒಳಗ ಚೀಟಿ ಹಚ್ಚಿದ್ದೆನಲ್ರಿ, ಎಂಟ ದಿನ ಅಂತ!"

ಒಳಗಿಂದ ಸಣ್ಣ ಸೊಸಿ ಧ್ವನಿ ಬಂತು. "ಅದ ಮರಾಠಿ ಇತ್ರಿ. ನಮಗ ಎಲ್ಲಿ ಬರ್ತೈತ್ರಿ?"

ಜಾಹಿರಾತ ಮರಾಠಿ ಓದೋರ ಮುಂದ ಕನ್ನಡದಾಗ. ಚೀಟಿ ಕನ್ನಡ ಓದೋರ ಕೈಯಾಗ ಮರಾಠಿದಾಗ. ಇಂಥಾ ಶಾಣ್ಯಾ ಮದತನೀಸ ಯಾವ ವಾಚನಾಲಯಕ್ಕೂ ಸಿಗಬಾರದು.

ಮಾರ್ಚದಾಗ ಪುಸ್ತಕ ಮೋಜಣಿ, ಅಂದ್ರ ಕಮಿಟಿಯವರು ಕುಂತು ಎಲ್ಲಾ ಪುಸ್ತಕ ಎಣಿಸಿ ನೋಡೋದು. ನಾ ಹುಚ್ಚನಂಗ ಮನಿ ಮನಿ ತಿರಗಿದೆ. ಒಬ್ಬಾಕಿ ಬಾಗಲಾ ಹಾಕ್ಕೊಂಡ್ಲು. ಒಬ್ಬಾಕಿ ಪುಸ್ತಕದ ಬದಲಿ ಒಂದ ಹಿತ್ತಾಳಿ ಬಟ್ಟಲಾ ಕೊಡಾಕ ಬಂದ್ಲು, "ಇದ ಒಯ್ಯೋ ಅಣ್ಣಾ, ಅದನ್ನ ಕೇಳಬ್ಯಾಡ," ಅಂತ. ಅಷ್ಟರಾಗ ರಥಸಪ್ತಮಿತನಕ ಅವರವರ ಮನ್ಯಾಗೂ ಅರಿಷಿಣ-ಕುಂಕುಮ ಆಗಿದ್ದು. ಓದಿ ಮುಗಿಸಿದವರು ಅದನ್ನ ಇನ್ನೊಬ್ಬರಿಗೆ ವಾಣ ಕೊಟ್ಟಿದ್ರು. ಒಂದು ಇಚಲಕರಂಜಿಗೆ ಹೋಗಿತ್ತು, ಮಗ್ಗದವರ ಮನಿಗೆ. ಒಂದು ಕುರುಂದವಾಡಕ್ಕ. ನೇಸರಿಗೆ ಹೋದದ್ದನ್ನ ಹಿಡೀಲೇಬೇಕಂತ ಬಸ್ ಹತ್ತಿ ಹೋದೆ. ಕಬ್ಬಿನ ಹೊಲದ ನಡುವ ಮನಿ. ಆ ಮನಿ ಅಕ್ಕಾರು ಹಾಲಿನ ಕ್ಯಾನ ತೊಳಕೋತ ಕುಂತಿದ್ರು.

"ಐತಿ. ಆದ್ರ ಕೊಡಂಗಿಲ್ಲ," ಅಂದ್ರು ನೇರ. "ಬೇಕಂದ್ರ ಕುಂಡ್ರು, ಓದಿ ತೋರಸ್ತೇನಿ. ಚಾ ಕುಡಿತಿಯೇನು?"

ಚಾ ಕುಡದು ಬಂದೆ. ಮತ್ತೇನ ಮಾಡ್ಲಿ?

ಗುರುಜಿ ಮುಂದ ನಿಂತು ಎಲ್ಲಾ ಹೇಳಿದೆ. "ನಮ್ಮ ಮನ್ಯಾಗೂ ಒಂದ ಬಂದೈತಿ," ಅಂದ್ರು ಅವರು. "ಬಾಜೂ ಮನಿಯಾಕಿ ಓದತಾಳ, ನಮ್ಮಾಕಿ ಕೇಳತಾಳ. ನಾ ಕೇಳಿದೆ, ವಾಪಸ ಕೊಡು ಅಂತ. ಎರಡ ದಿನ ನನಗ ಭಾಕ್ರಿ ಬಡೀಲಿಲ್ಲ."

ಮೋಜಣಿ ದಿನ ಕಮಿಟಿಯವರು ಖಾಲಿ ಕಪಾಟ ನೋಡಿದ್ರು. ಒಬ್ಬರು ಕಳವು ಅಂದ್ರು. ಗುರುಜಿ ತಾವ ಪೆನ್ ತಗೊಂಡು, ಕನ್ನಡ ಪುಸ್ತಕ ಜೀರ್ಣ ಆಗಿ ತಗದು ಹಾಕೇವಿ ಅಂತ ಬರದು ಸಹಿ ಮಾಡಿದ್ರು. ರದ್ದಿಗೆ ಹೊಂಟಿದ್ದುವ ಹೌದಲ್ಲ, ಅಂದ್ರು. ಕಳವಿನ ಮಾತ ಅಲ್ಲಿಗೆ ಮುಗೀತು. ಆದ್ರ ಕಪಾಟ ಮರಾಠಿ ಹುಡುಗೂರ ಪುಸ್ತಕಕ್ಕ ಹೋತು. ನನ್ನ ಕೆಲಸಾನೂ ಹೋತು; ಇಂಥಾವನ ಕೈಯಾಗ ಕೀಲಿ ಇಡಬಾರದು ಅಂತ ಕಮಿಟಿ ಅಂತು. ಅದರಾಗ ಅವರ ತಪ್ಪೇನೂ ಇಲ್ಲ. ಕೀಲಿ ಗುರುಜಿ ಟೇಬಲ್ ಮ್ಯಾಲ ಇಟ್ಟು ಬಂದೆ. ಸಣ್ಣ ಹುಡುಗೂರು ಆಗಲೇ ಆ ಕಪಾಟಿಗೆ ಮುಕ್ಕರಿಸಿದ್ದು.

ಆ ವರ್ಷ ಪೂರಾ ಅಪ್ಪನ ದುಕಾನದಾಗ ತಕ್ಕಡಿ ಹಿಡದೆ. ಕನ್ನಡ ಓದಾಕ ಕೈಯಾಗ ಒಂದ ಹಾಳಿನೂ ಇಲ್ಲ. ಮತ್ತ ಬೀಡಿ ಕಟ್ಟಿನ ಚೀಟಿ.

ಮುಂದಿನ ಸಂಕ್ರಾಂತಿ ಬಂತು. ಒಂದ ಸಂಜೀಕ ನಮ್ಮವ್ವ ಕಾಕು ಮನಿ ಅರಿಷಿಣ-ಕುಂಕುಮಕ್ಕ ಹೋಗಿ ಬಂದ್ಲು. ಎಳ್ಳ ಬೆಲ್ಲ ತಗದ ಇಟ್ಲು, ಆಮ್ಯಾಲ ಸೆರಗಿನಾಗಿಂದ ಒಂದ ಪುಸ್ತಕ. ಕಾಕು ಸಣ್ಣ ಸೊಸಿ ಕೊಟ್ಟಿದ್ಲಂತ. ನನ್ನ ಖಾದಿ ಪಟ್ಟಿ ಮ್ಯಾಲ ಕುಬಸದ ಖಣದ ಹೊದಿಕಿ ಹಾಕಿ ಹೊಲದಿದ್ರು. ನನ್ನ ಹೊಲಿಗಿಕಿಂತ ಭಾಳ ನೀಟ. ಒಳಗ ಅಲ್ಲಲ್ಲಿ ಅರಿಷಿಣದ ಬಟ್ಟಿನ ಗುರತ, ಬಾವಿ ಹಾಡಿನ ಹಾಳಿ ಮ್ಯಾಲ ಒಣಗಿದ ಹಾಲಿನ ಕಲೆ. ಮತ್ತೂ ಉಕ್ಕಿಸಿದ್ಲೇನೋ.

ಅವ್ವಗ ಯಾವ ಅಕ್ಷರಾನೂ ಬರಂಗಿಲ್ಲ. "ಓದೋ, ಏನೈತಿ ನೋಡೋಣ," ಅಂದು ಗ್ವಾಡಿಗೆ ಆತು ಕುಂತ್ಲು. ಅಪ್ಪ ತಕ್ಕಡಿ ಕೆಳಗ ಇಟ್ಟ.

ನಾಕು ಬಾವಿ ಓದಿದೆ. ಐದನೇದು ಬಂತು.

ಐದನೆ ಬಾವ್ಯಾಗ ಹನಿ ನೀರ ಇಲ್ಲವ್ವ,
ಮಗಳ ಕಾಲಿಗೆ ನೀರಂತ ಹಡದವ್ವ ಮುಂಜಾನೆ
ಎಲ್ಲಾನೂ ಮನಿಗೆ ಸೇದ್ಯಾಳ.

ಅಪ್ಪ ದುಕಾನದ ಬಾಗಲಾ ನೋಡ್ಕೋತ ಕುಂತ. ನಾ ಹಾಳಿ ತಿರಿವಿ, ಪುಸ್ತಕ ನನ್ನ ಟ್ರಂಕಿನಾಗ ಇಡಾಕ ಎದ್ದೆ. ಅವ್ವ ಕೈ ಚಾಚಿ ಕಸಗೊಂಡ್ಲು.

"ಬಿಡೋ. ಅದ ನನ್ನ ವಾಣ. ಬರೂ ಸಂಕ್ರಾಂತಿಗೆ ಯಾರಿಗೆ ಕೊಡೋದು ನಾ ನೋಡ್ಕೋತೇನಿ."